ಲಿಫ್ಟ್ ರಿಪೇರಿಯವನ ಮೌನವ್ರತ

ಲಿಫ್ಟ್ ಕಂಪನಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಮ್ಯಾನೇಜರಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರ ಬಾಯಲ್ಲೂ ಅವನು 'ಇನ್ನೊಂದ್ಸಲ'. ರಿಪೇರಿ ಮುಗಿಸಿ, ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಂಡು, ಚೀಲ ಹೆಗಲಿಗೇರಿಸಿ, ಕಟ್ಟಡದ ಗೇಟು ದಾಟಿ ರಸ್ತೆಗೆ ಬಂದ ಮೇಲೆ ಅವನ ಕಾಲು ತಾನಾಗಿಯೇ ನಿಂತುಬಿಡುತ್ತಿತ್ತು. "ತಡಿ, ಇನ್ನೊಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ" ಎಂದು ಜೊತೆಗಾರನನ್ನು ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಮೆಟ್ಟಿಲು ಹತ್ತುತ್ತಿದ್ದ. ಲಿಫ್ಟ್ ರಿಪೇರಿಯವನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದೇಕೆ ಎಂದರೆ, ಆ ಲಿಫ್ಟ್ ಸರಿಯಾಗಿದೆಯೋ ಇಲ್ಲವೋ ಎಂಬುದೇ ತಾನೇ ಅವನ ಅನುಮಾನ! ಜೊತೆಗಾರ ಮಹಾ ಕಿಲಾಡಿ. "ಮದುವೆ ದಿನಾನೂ ಇವನು ಗೇಟಿನ ತನಕ ಬಂದು, ಹುಡುಗಿ ಅದೇನಾ ಅಂತ ಇನ್ನೊಂದ್ಸಲ ನೋಡೋಕೆ ವಾಪಸ್ ಹೋಗಿದ್ನಂತೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದ. ಅವನೂ ನಗುತ್ತಿದ್ದ. ನಗದೆ ಇನ್ನೇನು ಮಾಡುತ್ತಾನೆ, ಪಾಪ.

ನಿಜ ಹೇಳಬೇಕೆಂದರೆ ಅದು ನಗುವ ಸಂಗತಿಯಾಗಿರಲಿಲ್ಲ. ತಲೆಗೂದಲು ಅರ್ಧಕ್ಕರ್ಧ ನೆರೆತಿದ್ದರೂ ಒಂದು ದಿನ ನೆಮ್ಮದಿಯಾಗಿ ಉಂಡವನಲ್ಲ. ತಟ್ಟೆಯ ಮುಂದೆ ಕೂತರೆ ಬೆಳಗ್ಗೆ ಬಿಗಿ ಮಾಡಿದ ಯಾವುದೋ ಬೋಲ್ಟು ನೆನಪಾಗಿ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಹೊಟ್ಟೆಯಲ್ಲಿ ಸದಾ ಉರಿ. ಡಾಕ್ಟರ ಹತ್ತಿರ ಹೋದರೆ ಅವರು ನಳಿಕೆ ಇಳಿಸಿ, ಫೋಟೋ ತೆಗೆಸಿ, ಕೊನೆಗೆ "ನಿಮ್ಮ ಹೊಟ್ಟೇಲಿ ಏನೂ ಇಲ್ಲ ಮಾರಾಯ್ರೇ, ಇರೋದೆಲ್ಲ ತಲೇಲಿದೆ" ಎಂದು ಕಳುಹಿಸಿದರು. ಹೆಂಡತಿಗೆ ಇದನ್ನೆಲ್ಲ ಕಂಡು ಕಂಡು ಸಾಕಾಗಿಹೋಗಿತ್ತು. ಅವಳು ಕೆಟ್ಟವಳಲ್ಲ, ಅವನನ್ನು ಕಂಡರೆ ಜೀವ ಬಿಡುವವಳೇ. ಆದರೆ ಇಡೀ ಜೀವಮಾನ ಒಬ್ಬ ಮನುಷ್ಯ ಕೆಂಡದ ಮೇಲೆ ಕೂತಂತೆ ಕೂತಿದ್ದರೆ ಪಕ್ಕದಲ್ಲಿ ಕೂತವರಿಗೂ ಬಿಸಿ ತಾಗುವುದಿಲ್ಲವೇ?

ಧ್ಯಾನದ ವಿಷಯ ತಂದವಳೂ ಅವಳೇ. ಊರಿನಾಚೆ ಹಿಂದೆ ನೂಲಿನ ಗೋದಾಮಾಗಿದ್ದ ಕಟ್ಟಡದಲ್ಲಿ ಒಬ್ಬ ವಯಸ್ಸಾದ ಭಿಕ್ಷುಣಿ ಧ್ಯಾನ ಕಲಿಸುತ್ತಾರೆ, ಬುದ್ಧನ ದಾರಿಯದಂತೆ, ಜಾತಿ ಗೀತಿ ಕೇಳುವುದಿಲ್ಲವಂತೆ, ಕಣ್ಣು ಮುಚ್ಚಿ ಕೂತರೆ ಸಾಕಂತೆ ಎಂದು ಯಾರಿಂದಲೋ ಕೇಳಿಕೊಂಡು ಬಂದಳು. ಒಂದು ಭಾನುವಾರ ಕುತ್ತಿಗೆ ಹಿಡಿದು ದಬ್ಬಿದ ಹಾಗೆ ಅವನನ್ನು ಹೊರಡಿಸಿದಳು. ಭಿಕ್ಷುಣಿಯನ್ನು ಎಲ್ಲರೂ ಅಮ್ಮ ಎನ್ನುತ್ತಿದ್ದರು. ಬೋಳು ತಲೆ, ಮಾಸಲು ಬಣ್ಣದ ಬಟ್ಟೆ, ಮುಂದಿನ ಹಲ್ಲೊಂದಿಲ್ಲದ ನಗು. ಅವರು ಹೇಳಿದ್ದು ಇಷ್ಟೇ: ಮೂಗಿನ ತುದಿಯಲ್ಲಿ ಉಸಿರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ನೋಡುತ್ತಿರು. ಮನಸ್ಸು ಎಲ್ಲಿಗಾದರೂ ಓಡಿದರೆ 'ಯೋಚನೆ' ಎಂದುಕೋ, ಬೈಯಬೇಡ, ಅದರ ಹಿಂದೆ ಹೋಗಲೂ ಬೇಡ, ಮತ್ತೆ ಉಸಿರಿಗೆ ಬಾ.

ಮೊದಲ ದಿನ ನಮ್ಮ ರಿಪೇರಿಯವನು ಉಸಿರನ್ನೂ ಯಂತ್ರ ನೋಡುವಂತೆ ನೋಡಿದ. ಎಡ ಹೊಳ್ಳೆಯಲ್ಲಿ ಗಾಳಿ ಕಡಿಮೆ ಬರುತ್ತಿದೆ, ಏನೋ ಸಿಕ್ಕಿಕೊಂಡಿರಬೇಕು ಎಂದು ಗಾಬರಿಯಾಗಿ ಅಮ್ಮನಿಗೆ ದೂರಿತ್ತ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಅವನು ಬಿಡಲಿಲ್ಲ. ಒಂದು ಕೆಲಸ ಹಿಡಿದರೆ ಬಿಡುವ ಜಾತಿಯಲ್ಲ ಅವನು. ಭಾನುವಾರ ತಪ್ಪದೆ ಹೋದ, ಮನೆಯಲ್ಲೂ ಬೆಳಗ್ಗೆ ಚಾಪೆ ಹಾಕಿ ಕೂತ. ಬರಬರುತ್ತಾ ಏನೋ ಸಡಿಲವಾಯಿತು. ಒಂದು ದಿನ ಬಸ್ಸಿನಿಂದ ಇಳಿದವನು ಸೀಟಿನ ಮೇಲೆ ಏನಾದರೂ ಬಿಟ್ಟೆನೇ ಎಂದು ತಿರುಗಿ ನೋಡದೆ ಸೀದಾ ಮನೆಗೆ ಬಂದ. ಬಂದು ಅದನ್ನೇ ಹೆಂಡತಿಗೆ ಹೇಳಿದ. ಅವಳ ಕಣ್ಣು ತುಂಬಿಬಂತು. "ಹತ್ತು ದಿನದ ಮೌನ ಶಿಬಿರ ಮಾಡ್ತಾರಂತೆ, ಹೋಗಿ ಬಂದ್ಬಿಡಿ ರೀ. ಪೂರ್ತಿ ವಾಸಿಯಾಗಿ ಬನ್ನಿ" ಎಂದಳು.

ಶಿಬಿರಕ್ಕೆ ಹೊರಡುವ ದಿನ ಮಾಡಿದ ಕೊನೆಯ ಕೆಲಸ ತಾನಿದ್ದ ಕಟ್ಟಡದ್ದೇ. ಐದನೆಯ ಮಹಡಿಯಲ್ಲಿ ಅವನು, ಹೆಂಡತಿ, ಮಗಳು, ಅಳಿಯ, ಶಿಶುವಿಹಾರಕ್ಕೆ ಹೋಗುವ ಮೊಮ್ಮಗಳು ಒಟ್ಟಿಗೆ ಇದ್ದರು. ಲಿಫ್ಟು ಹಳೇ ಕಾಲದ್ದು, ಬಾಗಿಲನ್ನು ಕೈಯಿಂದಲೇ ಎಳೆದು ತೆಗೆಯಬೇಕು, ಎಳೆದು ಮುಚ್ಚಬೇಕು. ಯಾವುದೇ ಮಹಡಿಯಲ್ಲಿ ಬಾಗಿಲು ಒಂದಿಷ್ಟು ತೆರೆದಿದ್ದರೂ ಲಿಫ್ಟ್ ಹೊರಡಬಾರದು. ಅದನ್ನು ತಡೆಯಲು ಬಾಗಿಲ ಬೀಗಗಳಲ್ಲಿ ಕರೆಂಟಿನ ಒಂದು ಏರ್ಪಾಡಿರುತ್ತದೆ. ಆ ದಿನ ಮೂರನೆಯ ಮಹಡಿಯ ಬೀಗ ಕೈಕೊಟ್ಟು ಲಿಫ್ಟ್ ನಿಂತಿತ್ತು. ಅಂಥ ಹೊತ್ತಲ್ಲಿ ರಿಪೇರಿಯವರು ಮೇಲಿನ ಯಂತ್ರದ ಕೋಣೆಗೆ ಹೋಗಿ, ಕಂಟ್ರೋಲ್ ಪೆಟ್ಟಿಗೆಯಲ್ಲಿ ಒಂದು ತುಂಡು ವೈರ್ ಸಿಕ್ಕಿಸಿ, ಬಾಗಿಲೆಲ್ಲ ಮುಚ್ಚಿದೆ ಎಂದು ಲಿಫ್ಟನ್ನು ನಂಬಿಸುತ್ತಾರೆ. ಆಮೇಲೆ ಮೆಲ್ಲಗೆ ಓಡಿಸಿಕೊಂಡು ಹೋಗಿ ಕೆಟ್ಟ ಬೀಗ ಸರಿಮಾಡುತ್ತಾರೆ. ಕೆಲಸ ಮುಗಿದ ಮೇಲೆ ಆ ವೈರನ್ನು ತೆಗೆಯಲೇಬೇಕು. ತೆಗೆಯದಿದ್ದರೆ ಬಾಗಿಲು ತೆರೆದಿದ್ದರೂ ಲಿಫ್ಟ್ ಹೊರಡುತ್ತದೆ. ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇರುವಾಗಲೂ ಹೊರಡುತ್ತದೆ.

ಆ ಕೆಲಸಕ್ಕೆಂದೇ ಅವನ ಹತ್ತಿರ ಒಂದು ಕೆಂಪು ವೈರಿತ್ತು. ಅದು ಅವನ ಕೊರಳಲ್ಲಿ ನೇತಾಡುತ್ತಿದ್ದರೆ ತೆಗೆದದ್ದಾಯಿತು ಎಂದೇ ಲೆಕ್ಕ. ಆದರೆ ಅವತ್ತು ಅದನ್ನು ಜೊತೆಗಾರ ಬೇರೆ ಕಟ್ಟಡಕ್ಕೆ ಒಯ್ದಿದ್ದ. ಇವನು ಕೈಗೆ ಸಿಕ್ಕ ನೀಲಿ ತುಂಡೊಂದನ್ನು ಸಿಕ್ಕಿಸಿದ. ಕೆಳಗಿನಿಂದ ಹೆಂಡತಿಯದು ಒಂದೇ ಸಮ ಫೋನು: "ಬಸ್ಸು ತಪ್ಪುತ್ತೆ ರೀ, ಬನ್ನಿ." ಬೀಗ ಸರಿಮಾಡಿ, ಯಂತ್ರದ ಕೋಣೆ ಮುಚ್ಚಿ, ಮೆಟ್ಟಿಲಿಳಿಯುವಾಗ ಅವನ ಕಾಲು ಎಂದಿನಂತೆ ನಿಂತಿತು. ತಿರುಗಿ ಒಂದು ಹೆಜ್ಜೆಯನ್ನೂ ಇಟ್ಟ. ಆಗ ಅವನಿಗೆ ಅನ್ನಿಸಿತು: ಛೆ, ಇದನ್ನು ಬಿಡೋಕೆ ತಾನೇ ನಾನು ಹೊರಟಿರೋದು? ನಾಳೆಯಿಂದ ಯಾಕೆ, ಇವತ್ತಿನಿಂದಲೇ ಬಿಡೋಣ. 'ಯೋಚನೆ, ಯೋಚನೆ' ಎಂದುಕೊಂಡು, ಉಸಿರು ನೋಡಿಕೊಂಡು, ಜೀವಮಾನದಲ್ಲಿ ಮೊದಲ ಸಲ ಹಿಂದಿರುಗದೆ ಕೆಳಗಿಳಿದುಬಿಟ್ಟ. ಬಸ್ಸಿನಲ್ಲಿ ಕೂತಾಗ ಎಂಥ ಹೆಮ್ಮೆ ಅಂತೀರಿ!

ಶಿಬಿರದಲ್ಲಿ ಫೋನು, ಗಡಿಯಾರ, ಚೀಲ ಎಲ್ಲವನ್ನೂ ವ್ಯವಸ್ಥಾಪಕರು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅವರು ಬ್ಯಾಂಕಿನಲ್ಲಿ ನಿವೃತ್ತರಾದವರು, ಬೀಗ ಹಾಕುವಾಗ ಅವರ ಮುಖದಲ್ಲಿ ಒಂದು ಕಳೆಯೇ ಬರುತ್ತಿತ್ತು. ಆಮೇಲೆ ಮಾತಿಲ್ಲ ಕತೆಯಿಲ್ಲ. ಗಂಟೆ ಹೊಡೆದರೆ ಏಳು, ಗಂಟೆ ಹೊಡೆದರೆ ಕೂರು. ಮೊದಲ ದಿನ ಮಂಡಿ ನೋವು. ಎರಡನೆಯ ದಿನ ಸೊಂಟ. ಆ ಸಂಜೆ ಸ್ವಲ್ಪ ಹೊತ್ತು ಉಸಿರು ನೂಲಿನಷ್ಟು ತೆಳುವಾಗಿ, ಒಳಗೆ ಯಾರೋ ದೊಡ್ಡ ಮೋಟರನ್ನು ಆರಿಸಿದ ಹಾಗೆ ನಿಶ್ಶಬ್ದವಾಯಿತು. ಇಷ್ಟು ವರ್ಷ ಆ ಸದ್ದು ಇತ್ತೆಂದೇ ಅವನಿಗೆ ಗೊತ್ತಿರಲಿಲ್ಲ. ಇದೇ ಇರಬೇಕು ಶಾಂತಿ ಎಂದರೆ ಎಂದುಕೊಂಡು ಮಲಗಿದ, ನಿದ್ದೆಯೂ ಬಂತು.

ಮೂರನೆಯ ಬೆಳಗ್ಗೆ ಕೂತು ಕಣ್ಣು ಮುಚ್ಚಿದ್ದೇ ತಡ, ಒಳಗಿನಿಂದ ಯಾರೋ ಕೇಳಿದರು: ವೈರ್ ತೆಗೆದೆಯಾ?

'ಯೋಚನೆ' ಎಂದ. ಉಸಿರಿಗೆ ಬಂದ.

ತೆಗೆದೆಯಾ?

ತೆಗೆದೆ, ತೆಗೆದೆ, ತೆಗೆಯದೆ ಇರುತ್ತೇನೆಯೇ! ಕಣ್ಣ ಮುಂದೆ ಚಿತ್ರವೂ ಬಂತು: ಎರಡು ಬೆರಳಲ್ಲಿ ತುದಿ ಹಿಡಿದು ಎಳೆದದ್ದು, ಪೆಟ್ಟಿಗೆ ಮುಚ್ಚಿದ್ದು. ಸಮಾಧಾನವಾಗುವಷ್ಟರಲ್ಲಿ ನೋಡಿದರೆ ಆ ಚಿತ್ರದಲ್ಲಿದ್ದ ವೈರು ಕೆಂಪಗಿತ್ತು. ಅವತ್ತಿನದು ನೀಲಿ. ಹಾಗಾದರೆ ಇದು ಇನ್ಯಾವತ್ತಿನದೋ ನೆನಪು. ಇಡೀ ಜೀವಮಾನ ದಿನಬೆಳಗಾದರೆ ವೈರು ತೆಗೆದವನಿಗೆ ಅದರಲ್ಲಿ ಇಂಥ ದಿನದ್ದೇ ಎಂದು ಆರಿಸುವುದು ಹೇಗೆ? ನೀಲಿ ವೈರನ್ನು ತೆಗೆದ ಚಿತ್ರಕ್ಕಾಗಿ ಅವನು ತಲೆಯನ್ನೆಲ್ಲ ಜಾಲಾಡಿದ. ಸಿಕ್ಕಿಸಿದ್ದು ಸಿಕ್ಕಿತು. ತೆಗೆದದ್ದು ಸಿಗಲಿಲ್ಲ.

ಅದರ ಬೆನ್ನಿಗೇ ಮೊಮ್ಮಗಳು ಕಣ್ಣ ಮುಂದೆ ಬಂದಳು. ಆ ಪುಟ್ಟಿಗೆ ಲಿಫ್ಟೆಂದರೆ ಪ್ರಾಣ. ಬಟನ್ ತಾನೇ ಒತ್ತಬೇಕು, ಬಾಗಿಲು ತಾನೇ ಹಿಡಿಯಬೇಕು. ಇಳಿಯುವಾಗ ಹೊಸ್ತಿಲ ಮೇಲೆ ಒಂದು ಕಾಲು ಆಚೆ ಒಂದು ಕಾಲು ಈಚೆ ಇಟ್ಟು, ಬಾಗಿಲಿಗೆ ಜೋತುಬಿದ್ದು, ಶಿಶುವಿಹಾರದಲ್ಲಿ ಕಲಿಸಿದ್ದನ್ನು ರಾಗವಾಗಿ ಹೇಳದಿದ್ದರೆ ಅವಳಿಗೆ ಸಮಾಧಾನವಿಲ್ಲ. ಅಜ್ಜಿ ಬೈಯುತ್ತಾಳೆ, ಬೈಯುತ್ತಲೇ ನಗುತ್ತಾಳೆ. ಅಷ್ಟರಲ್ಲಿ ಕೆಳಗೆ ಯಾರೋ ಲಿಫ್ಟ್ ಕರೆಯುತ್ತಾರೆ. ಎಲ್ಲಾ ಸರಿಯಿದ್ದರೆ ಬಾಗಿಲು ಮುಚ್ಚುವ ತನಕ ಲಿಫ್ಟ್ ಅಲುಗಾಡದು. ಸರಿಯಿಲ್ಲದಿದ್ದರೆ? ಅವನು ಕಣ್ಣು ಬಿಟ್ಟುಬಿಟ್ಟ. ಸುತ್ತ ಎಲ್ಲರೂ ಕಲ್ಲಿನ ಹಾಗೆ ಕೂತಿದ್ದರು. ಯಾರ ಮುಖದಲ್ಲೂ ಏನೂ ಇರಲಿಲ್ಲ.

ಮಧ್ಯಾಹ್ನ ಅಮ್ಮನ ಹತ್ತಿರ ಪ್ರಶ್ನೆ ಕೇಳಲು ಹೋಗುವ ಹೊತ್ತಿಗೆ ಅವನ ತುಟಿ ಒಣಗಿಹೋಗಿತ್ತು. ಅಮ್ಮ ಮುಖ ನೋಡಿಯೇ ಕೇಳಿದರು.

"ಏನಪ್ಪಾ, ಗ್ಯಾಸಾ?"

"ಅಲ್ಲ ಅಮ್ಮ, ವೈರು."

"ಓ, ನಿನ್ನದು ವೈರಾ? ಇಲ್ಲಿ ಬಂದು ಕೂತವರು ಯಾರೂ ಗ್ಯಾಸ್ ಆಫ್ ಮಾಡಿ ಬಂದವರೇ ಅಲ್ಲ. ಮೂರನೇ ದಿನ ಎಲ್ಲರ ಮನೇಲೂ ಒಲೆ ಉರೀತಿರುತ್ತೆ. ಒಬ್ಬರು ಡಾಕ್ಟರು, ಯಾರದೋ ಹೊಟ್ಟೇಲಿ ಕತ್ತರಿ ಬಿಟ್ಟುಬಂದೆ ಅಂತ ಎದ್ದು ಓಡಿದ್ರು. ಆಮೇಲೆ ನೋಡಿದ್ರೆ ಅವರು ಆಪರೇಷನ್ ಮಾಡೋ ಡಾಕ್ಟರೇ ಅಲ್ಲ, ಹಲ್ಲಿನ ಡಾಕ್ಟರು!"

ಅವನಿಗೆ ನಗು ಬರಲಿಲ್ಲ. ವಿಷಯವನ್ನೆಲ್ಲ, ಮೊಮ್ಮಗಳು ಹೊಸ್ತಿಲ ಮೇಲೆ ಕಾಲಿಡುವುದನ್ನೂ, ಒಂದೇ ಉಸಿರಿಗೆ ಹೇಳಿದ. "ನಿಜದ ಭಯ ಯಾವುದು, ಸುಳ್ಳು ಭಯ ಯಾವುದು ಅಂತ ಗೊತ್ತಾಗೋದು ಹೇಗಮ್ಮ? ನಂಗೆ ಎಲ್ಲಾ ಒಂದೇ ಥರ ಬರುತ್ತೆ" ಎಂದ.

"ಸುಮ್ನೆ ನೋಡ್ತಾ ಕೂತ್ರೆ ಸುಳ್ಳು ಭಯ ಸಣ್ಣದಾಗ್ತಾ ಹೋಗುತ್ತೆ."

"ಬೆಳಗ್ಗೆಯಿಂದ ನೋಡ್ತಾ ಇದೀನಿ. ಇದು ದೊಡ್ಡದಾಗ್ತಾ ಇದೆ."

ಅಮ್ಮ ವ್ಯವಸ್ಥಾಪಕರನ್ನು ಕರೆಸಿ, ಇವನ ಮನೆಗೆ ಫೋನ್ ಮಾಡಿ ವಿಚಾರಿಸಿ, ವೈರ್ ಇದೆಯೋ ಇಲ್ಲವೋ ನೋಡಿಸಿ ಎಂದರು. "ನೀನು ಹೋಗಿ ಕೂತಿರು. ಉಸಿರು ನೋಡು. ಆಗದಿದ್ರೆ ಭಯಾನೇ ನೋಡು" ಎಂದು ಅವನನ್ನು ಕಳುಹಿಸಿದರು.

ಕೂತ. ಭಯವನ್ನೇ ನೋಡಿದ. ಅದು ಹೊಟ್ಟೆಯಿಂದ ಎದ್ದು ಎದೆಗೆ ಬರುತ್ತಿತ್ತು, ಎದೆಯಿಂದ ಕೈಗೆ ಇಳಿಯುತ್ತಿತ್ತು, ಬೆರಳ ತುದಿಯಲ್ಲಿ ಜುಂ ಎನ್ನುತ್ತಿತ್ತು. ಹೊರಗೆ ಚಪ್ಪಲಿ ಸದ್ದಾದಾಗಲೆಲ್ಲ ಮೈಯೆಲ್ಲ ಕಿವಿಯಾಗುತ್ತಿತ್ತು. ಕೊನೆಗೂ ವ್ಯವಸ್ಥಾಪಕರು ಬಾಗಿಲ ಬಳಿ ಬಂದು ಸನ್ನೆ ಮಾಡಿದರು. ಅವನು ಎದ್ದು ಹೋಗುವಾಗ ಜೋಮು ಹಿಡಿದ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ.

"ನಿಮ್ಮ ಮನೆಯವರೇ ಮಾತಾಡಿದ್ರು. ಖುದ್ದಾಗಿ ಮೇಲೆ ಹೋಗಿ, ಪೆಟ್ಟಿಗೆ ತೆಗೆದು ನೋಡಿದ್ರಂತೆ. ವೈರೂ ಇಲ್ಲ, ಏನೂ ಇಲ್ಲ. ನೆಮ್ಮದಿಯಾಗಿ ಕೂತ್ಕೊಳ್ಳಿ ಅಂದ್ರು."

ಅಬ್ಬಾ! ಅವನಿಗೆ ಆ ಬ್ಯಾಂಕಿನವರ ಕಾಲಿಗೆ ಬೀಳೋಣ ಎನ್ನಿಸಿತು. ಹೋದ ಜೀವ ಬಂದಂತಾಗಿ, ಅಲ್ಲೇ ಕಟ್ಟೆಯ ಮೇಲೆ ಕೂತು ಅವರು ಕೊಟ್ಟ ಚಹಾ ಕುಡಿದ. ಚಹಾ ಎಷ್ಟು ರುಚಿಯಾಗಿತ್ತೆಂದರೆ ಲೋಟದ ತಳದಲ್ಲಿದ್ದ ಸಕ್ಕರೆಯನ್ನೂ ಬೆರಳಲ್ಲಿ ತೆಗೆದು ನೆಕ್ಕಿದ. ಅಮ್ಮ ಹೇಳಿದ್ದೇ ಸರಿ. ಎಲ್ಲರ ಮನೆಯಲ್ಲೂ ಒಲೆ ಉರಿಯುತ್ತಿರುತ್ತದೆ. ವ್ಯವಸ್ಥಾಪಕರು ಸೊಂಟಕ್ಕೆ ಸಿಕ್ಕಿಸಿಕೊಂಡ ಕಪಾಟಿನ ಬೀಗದ ಕೈಗಳನ್ನು ಝಣಝಣ ಎನ್ನಿಸುತ್ತಾ ಅತ್ತ ಹೋದರು. ಅವನು ಸುಮ್ಮನೆ ಆ ಕೈಗಳನ್ನೇ ನೋಡುತ್ತಿದ್ದ.

ಬೆರಳು ಲೋಟದೊಳಗೇ ನಿಂತಿತು.

ಯಂತ್ರದ ಕೋಣೆಗೆ ಬೀಗದ ಕೈ ಇರುವುದು ಒಂದೇ. ಎರಡನೆಯದನ್ನು ವಾಚ್‌ಮನ್ ಎಂದೋ ಕಳೆದಿದ್ದ. ಆ ಒಂದು ಕೈ ಈಗ ಇಲ್ಲೇ, ಕಪಾಟಿನೊಳಗೆ, ಅವನ ಚೀಲದಲ್ಲಿದೆ. ಹಾಗಿದ್ದ ಮೇಲೆ ಅವಳು ಮೇಲೆ ಹೋಗಿ ಪೆಟ್ಟಿಗೆ ತೆಗೆದು ನೋಡಿದ್ದಾದರೂ ಹೇಗೆ?

ನೋಡಿಲ್ಲ. ಅವಳು ಕೂತ ಜಾಗದಿಂದ ಎದ್ದೇ ಇಲ್ಲ.

ಒಂದು ನಿಮಿಷ ಅವನಿಗೆ ವೈರೂ ಮರೆತುಹೋಯಿತು. ಇಷ್ಟು ವರ್ಷ ದಾರಿಯ ಮಧ್ಯದಿಂದ, ಬಸ್ಸಿನಿಂದ, ಯಾರದೋ ಕಟ್ಟಡದ ನೆತ್ತಿಯಿಂದ ಅವನು ಮಾಡಿದ ಫೋನುಗಳು ಒಂದೊಂದಾಗಿ ಎದ್ದು ಬಂದವು. ಗ್ಯಾಸ್ ಆಫ್ ಆಗಿದೆಯಾ ನೋಡು. "ನೋಡ್ದೆ ರೀ, ಆಗಿದೆ." ನಲ್ಲಿ ನೋಡು. "ನೋಡ್ದೆ, ನಿಂತಿದೆ." ಇಸ್ತ್ರಿಪೆಟ್ಟಿಗೆ ನೋಡು. "ತಣ್ಣಗಿದೆ ರೀ, ಮುಟ್ಟಿ ನೋಡ್ದೆ." ಉತ್ತರ ಎಷ್ಟು ಬೇಗ ಬರುತ್ತಿತ್ತು! ಒಳಮನೆಯಿಂದ ಅಡುಗೆಮನೆಗೆ ಹೋಗಿ ಬರುವಷ್ಟು ಹೊತ್ತು ಅವಳು ಒಂದು ಸಲವಾದರೂ ತೆಗೆದುಕೊಂಡಿದ್ದಳೇ? ಆ ಮಾತುಗಳನ್ನು ನಂಬಿಕೊಂಡೇ ಅವನು ಅಷ್ಟಿಷ್ಟು ಉಂಡಿದ್ದ, ಅಷ್ಟಿಷ್ಟು ಮಲಗಿದ್ದ.

ಅಮ್ಮನ ಕೋಣೆಗೆ ಅವನು ಕೇಳದೆಯೇ ನುಗ್ಗಿದ. ಬೀಗದ ಕೈ ನನ್ನ ಹತ್ತಿರವೇ ಇದೆ ಎಂದ. ಅಮ್ಮನಿಗೆ ಅರ್ಥವಾಗಲು ಅಷ್ಟೇ ಸಾಕಾಯಿತು. ಅವರ ಮುಖದ ನಗು ಹೋಯಿತು.

"ಹಾಗಾದ್ರೆ ಇಲ್ಲೇನು ಮಾಡ್ತಿದೀಯಪ್ಪಾ? ಹೊರಡು" ಎಂದವರೇ, ವಯಸ್ಸಾದ ಕಾಲನ್ನು ಎಳೆದುಕೊಂಡು ಎದ್ದು, ಮೌನದ ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ ವ್ಯವಸ್ಥಾಪಕರನ್ನು ಕೂಗಿದರು. "ಕಪಾಟು ತೆಗೀರಿ, ಬೇಗ!"

ಚೀಲವೂ ಫೋನೂ ಕೈಗೆ ಬಂದದ್ದೇ ಹೆಂಡತಿಗೆ ಫೋನ್ ಮಾಡಿದ. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಮೊಮ್ಮಗಳನ್ನು ಕರೆತರುವ ಹೊತ್ತು ಹತ್ತಿರ ಬಂದಿತ್ತು. ಅವಳು ಹೊರಗೆ ಹೋಗುವಾಗ ಫೋನನ್ನು ಮನೆಯಲ್ಲೇ ಬಿಟ್ಟು ಹೋಗುವವಳು, ಎಷ್ಟು ಹೇಳಿದರೂ ಕೇಳಳು. ಮಗಳಿಗೆ ಮಾಡಿದರೆ ಮೀಟಿಂಗಿನಲ್ಲಿದ್ದೇನೆ ಎಂದು ಸಂದೇಶ ಬಂತು. ಬಸ್‌ಸ್ಟಾಪಿಗೆ ಓಡುತ್ತಲೇ ವಾಚ್‌ಮನ್‌ಗೆ ಮಾಡಿದ. ಅದೃಷ್ಟಕ್ಕೆ ಎತ್ತಿದ.

"ಏನ್ ಸಾರ್, ಧ್ಯಾನ ಮುಗೀತಾ?"

"ಲಿಫ್ಟ್ ನಿಲ್ಲಿಸು. ಯಾರನ್ನೂ ಬಿಡ್ಬೇಡ."

"ಲಿಫ್ಟ್ ಚೆನ್ನಾಗಿ ಓಡ್ತಿದೆಯಲ್ಲ ಸಾರ್. ಮೊದಲಿಗಿಂತ ಚೆನ್ನಾಗಿ ಓಡ್ತಿದೆ."

ಬಾಗಿಲ ಬೀಗದ ತಡೆಯೇ ಇಲ್ಲದಿದ್ದರೆ ಚೆನ್ನಾಗಿ ಓಡದೆ ಇನ್ನೇನು! ನಿಲ್ಲಿಸುವ ಸ್ವಿಚ್ಚು ಯಂತ್ರದ ಕೋಣೆಯೊಳಗೇ ಇತ್ತು. "ಒಂದ್ ಕೆಲಸ ಮಾಡು. ನಿನ್ನ ಕುರ್ಚಿ ತಗೊಂಡೋಗಿ ಲಿಫ್ಟ್ ಬಾಗಿಲಿಗೆ ಅಡ್ಡ ಇಡು. ಪಾಪು ಬಂದ್ರೆ ಮೆಟ್ಟಿಲಲ್ಲಿ ಹೋಗೋಕೆ ಹೇಳು. ಇಡ್ತೀಯಾ?"

"ಇಟ್ಟೆ ಸಾರ್, ಇಟ್ಟೆ."

ಅಯ್ಯೋ, ಈ ದನಿ ಅವನಿಗೆ ಗೊತ್ತಿತ್ತು! ಇವತ್ತಷ್ಟೇ ಗುರುತು ಹಿಡಿಯಲು ಕಲಿತಿದ್ದ. ಕುರ್ಚಿಯಿಂದ ಏಳದೆಯೇ ಕುರ್ಚಿ ಇಟ್ಟೆ ಎನ್ನುವ ದನಿ. ತನ್ನ ಸುತ್ತಲಿನ ಜಗತ್ತೆಲ್ಲ ತನ್ನನ್ನು ಹೀಗೇ ಸಾಗಹಾಕಿಕೊಂಡು ಬಂದಿದೆಯೇ? ಅದಕ್ಕೆ ಅವರನ್ನು ಬೈದು ಏನು ಪ್ರಯೋಜನ? ಉರಿಯದ ಒಲೆಗಾಗಿ ಎಷ್ಟು ಸಲ ತಾನೇ ಜನ ಏಳುತ್ತಾರೆ?

ಬಸ್ಸು ನಿಂತು ನಿಂತು ಸಾಗಿತು. ಉಸಿರು ನೋಡೋಣವೆಂದರೆ ಉಸಿರೇ ಸಿಗಲಿಲ್ಲ. ದೇವರೇ, ನಾನು ಹುಚ್ಚನೇ ಆಗಿರಲಿ, ವೈರ್ ಅಲ್ಲಿ ಇಲ್ಲದಿರಲಿ, ಎಲ್ಲರೂ ಸೇರಿ ನಗಲಿ ಎಂದು ಬೇಡಿಕೊಂಡ. ತನ್ನ ಅನುಮಾನ ಸುಳ್ಳಾಗಲೆಂದು ಅವನು ಯಾವತ್ತೂ ಹೀಗೆ ಬೇಡಿದವನಲ್ಲ.

ಕಟ್ಟಡದ ಗೇಟಿನಲ್ಲಿ ಕುರ್ಚಿ ಇತ್ತು. ಕುರ್ಚಿಯ ಮೇಲೆ ವಾಚ್‌ಮನ್ ಇದ್ದ.

"ಮೇಲೆ ಯಾರು ಹೋದ್ರು?"

"ನಿಮ್ಮನೆಯವರೇ ಸಾರ್, ಪಾಪೂನ ಕರ್ಕೊಂಡು. ಈಗಷ್ಟೇ…"

ಅವನು ಮೆಟ್ಟಿಲಿಗೆ ಬಿದ್ದ. ಗೋಡೆಯಾಚೆ ಲಿಫ್ಟ್ ಗುಂಯ್ ಎನ್ನುತ್ತಾ ಅವನಿಗಿಂತ ಮುಂದೆ ಮುಂದೆ ಏರುತ್ತಿತ್ತು. ಅದರೊಳಗಿಂದ ಮೊಮ್ಮಗಳ ರಾಗ ಕೇಳುತ್ತಿತ್ತು. ಮೂರನೆಯ ಮಹಡಿಯಲ್ಲಿ ಎದೆ ಒಡೆದುಹೋಗುವಂತಾಯಿತು. ಕೂಗೋಣವೆಂದರೆ ಬಾಯಲ್ಲಿ ದನಿಯಿಲ್ಲ. ಕೂಗಿದರೆ ಮಗು ಬಾಗಿಲಲ್ಲೇ ನಿಂತು ಇಣುಕಿ ನೋಡೀತು ಎಂಬ ಹೆದರಿಕೆ ಬೇರೆ. ಲಿಫ್ಟ್ ನಿಂತ ಸದ್ದಾಯಿತು. ಬಾಗಿಲು ಎಳೆದ ಸದ್ದು. ರಾಗ ಅಲ್ಲೇ ನಿಂತು ಮುಂದುವರಿಯಿತು. "ಕಾಲು ತೆಗಿ ಪುಟ್ಟಿ, ಕಾಲು ತೆಗಿ ಅಂದ್ನಲ್ಲ" ಎಂದು ಅಜ್ಜಿ ನಗುತ್ತಿದ್ದಳು. ಅದೇ ಹೊತ್ತಿಗೆ ಎರಡನೆಯ ಮಹಡಿಯಲ್ಲಿ ಯಾರದೋ ಮನೆಯ ಬಾಗಿಲು ತೆರೆಯಿತು, ಚಪ್ಪಲಿಯ ಸದ್ದು ಲಿಫ್ಟಿನ ಕಡೆಗೆ ಬಂತು. ಅವನು ಕಂಬಿಯ ಮೇಲಿಂದ ಬಗ್ಗಿ, ಮುಖ ಕಾಣದ ಆ ಮನುಷ್ಯನಿಗೆ ಕೈ ಮುಗಿದು "ಒತ್ಬೇಡಿ" ಎಂದ. ದನಿ ಹೊರಟಿತೋ ಇಲ್ಲವೋ. ಮೇಲೆ ಬಾಗಿಲು ಧಡ್ ಎಂದು ಮುಚ್ಚಿತು. ಚಿಲಕ ತೆಗೆದ ಸದ್ದು, ಮನೆಯೊಳಗೆ ಹೋದ ಸದ್ದು. ಆಮೇಲೆ ಲಿಫ್ಟ್ ಕೆಳಕ್ಕೆ ಇಳಿಯತೊಡಗಿತು.

ಅವನು ತನ್ನ ಮನೆಯ ಬಾಗಿಲು ದಾಟಿ ಮೇಲೆ ಹೋದ. ಚೀಲದಿಂದ ಬೀಗದ ಕೈ ತೆಗೆದು ಯಂತ್ರದ ಕೋಣೆಯನ್ನು ತೆರೆದ. ಕೆಳಗಿನವನು ಇಳಿದು ಬಾಗಿಲು ಮುಚ್ಚಿದ ಸದ್ದಾಗುವ ತನಕ ಕಾದು, ಮೊದಲು ಸ್ವಿಚ್ಚು ಇಳಿಸಿದ. ಆಮೇಲೆ ಪೆಟ್ಟಿಗೆ ತೆಗೆದ.

ನೀಲಿ ವೈರು ಇತ್ತು. ಅವನು ಸಿಕ್ಕಿಸಿದ ಹಾಗೆಯೇ, ಅಚ್ಚುಕಟ್ಟಾಗಿ, ತನ್ನ ಕೆಲಸ ತಾನು ಮಾಡುತ್ತಾ ಇತ್ತು.

ತೆಗೆದ. ತೆಗೆದು ಬಲಗೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕುಸಿದ. ಅವನು ಹೊರಟ ದಿನದಿಂದ ಇವತ್ತಿನವರೆಗೆ ಆ ಮಗು ಎಷ್ಟು ಸಲ ಹತ್ತಿ ಇಳಿದಿರಬೇಕು, ಎಷ್ಟು ಸಲ ಆ ಹೊಸ್ತಿಲ ಮೇಲೆ ನಿಂತು ರಾಗ ಎಳೆದಿರಬೇಕು. ಏನೂ ಆಗಲಿಲ್ಲ. ಆಗದೇ ಇದ್ದದ್ದು ಬರೀ ಅದೃಷ್ಟ, ಬೇರೇನೂ ಅಲ್ಲ. ಕಂಪನಿಗೆ ಹೋಗಿ ತಪ್ಪನ್ನು ಹೇಳಬೇಕು, ಅವರು ಏನು ಶಿಕ್ಷೆ ಕೊಟ್ಟರೂ ತೆಗೆದುಕೊಳ್ಳಬೇಕು. ಅಷ್ಟು ಅವನಿಗೆ ಸ್ಪಷ್ಟವಾಗಿತ್ತು.

ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಅವನ ಹೆಜ್ಜೆ ಸದ್ದು ಗುರುತಿಸಲು ಅವಳಿಗೆ ವಾಚ್‌ಮನ್ ಹೇಳಬೇಕಾಗಿರಲಿಲ್ಲ. ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಮಗುವಿನ ಒಂದು ಶೂ ಹಾಗೇ ಇತ್ತು. ಅವನು ಬಲಗೈಯನ್ನು ಬೆನ್ನ ಹಿಂದೆ ಒಯ್ದ. ಯಾಕೆ ಒಯ್ದನೋ ಅವನಿಗೂ ಆಗ ಗೊತ್ತಿರಲಿಲ್ಲ.

"ಬಂದ್ಬಿಟ್ರಾ?" ಎಂದಳು. ಆಮೇಲೆ ತಡೆಯಲಾರದೆ, "ನಾನು ಸುಳ್ಳು ಹೇಳ್ದೆ ರೀ. ಮೇಲೆ ಬರ್ಲೇ ಇಲ್ಲ. ಫೋನ್ ಇಟ್ಟ ಮೇಲೆ ನಂಗೇ ಒಂಥರ ಆಯ್ತು, ಬೀಗದ ಕೈ ಹುಡುಕಿದೆ, ಸಿಗ್ಲಿಲ್ಲ. ಅಷ್ಟರಲ್ಲಿ ಪಾಪೂನ ಕರ್ಕೊಂಡು ಬರೋ ಹೊತ್ತಾಯ್ತು…"

"ಮುಂಚೆ ಎಲ್ಲಾ? ಗ್ಯಾಸು, ನಲ್ಲಿ?"

ಅವಳು ಶೂವನ್ನೇ ನೋಡುತ್ತಾ ಹೇಳಿದಳು: "ಮದುವೆಯಾದ ಹೊಸತರಲ್ಲಿ ನೋಡ್ತಿದ್ದೆ ರೀ. ಆಮೇಲಾಮೇಲೆ… ನೀವು ಊಟ ಮಾಡಿದ್ರೆ ಸಾಕು ಅನ್ನಿಸ್ತಿತ್ತು."

ಅವಳ ಕಣ್ಣು ಪೆಟ್ಟಿಗೆಯ ಕಡೆ ಹೋಯಿತು, ಮತ್ತೆ ಅವನ ಮುಖಕ್ಕೆ ಬಂತು. ಆ ಕಣ್ಣಲ್ಲಿ ಎದ್ದದ್ದನ್ನು ಅವನು ಕಂಡ ಕೂಡಲೇ ಗುರುತು ಹಿಡಿದ. ಅದರ ಜೊತೆ ಅಷ್ಟು ವರ್ಷ ಬಾಳಿದವನು ಅವನೇ. ಆ ಭಯ ಒಮ್ಮೆ ಅವಳ ಒಳಗೆ ಹೊಕ್ಕರೆ, ನಾನೇ ಕೈ ಹಿಡಿದು ಆ ಮಗುವನ್ನು ಹತ್ತಿಸಿದೆನಲ್ಲ ಎಂದು ಅವಳು ಇನ್ನು ಜನ್ಮದಲ್ಲಿ ಮಲಗಲಾರಳು.

"ನಿಜ ಹೇಳಿ ರೀ. ವೈರ್ ಇತ್ತಾ?"

ಎದೆ ಡವಗುಟ್ಟುತ್ತಿತ್ತು. ಅವನು ಅದನ್ನು ನೋಡಿದ. ಉಸಿರು ಒಳಗೆ ಹೋಗುವುದನ್ನು ನೋಡಿದ, ಹೊರಗೆ ಬರುವುದನ್ನು ನೋಡಿದ. ಬೆನ್ನ ಹಿಂದೆ ಮುಷ್ಟಿಯಲ್ಲಿ ವೈರಿನ ತುದಿ ಅಂಗೈಗೆ ಚುಚ್ಚುತ್ತಿತ್ತು, ಅದನ್ನೂ ನೋಡಿದ. ಸುಳ್ಳಾಡುವುದಿಲ್ಲವೆಂದು ಬುದ್ಧನ ಮುಂದೆ ಮಾತು ಕೊಟ್ಟು ಶಿಬಿರಕ್ಕೆ ಕೂತವನು ಅವನು. ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದ:

"ಏನೂ ಇರ್ಲಿಲ್ಲ ಕಣೆ."

"ನಿಜವಾಗ್ಲೂ?"

"ಇರ್ಲಿಲ್ಲ. ನೋಡ್ದೆ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಮೂಗು ಏರಿಸಿ, ಆಮೇಲೆ ಶುರು ಮಾಡಿದಳು ನೋಡಿ ಬೈಗುಳ! "ಇದಕ್ಕೆ ಅಲ್ಲಿಂದ ಎದ್ದು ಓಡಿ ಬಂದ್ರಾ? ಹತ್ತು ದಿನ ಒಂದ್ ಕಡೆ ಕೂತಿರೋಕೆ ಆಗಲ್ವಾ ನಿಮಗೆ? ನನ್ನ ಜೀವಾನೇ ಹೋಗಿತ್ತಲ್ರೀ! ಆ ಅಮ್ಮ ಏನಂದ್ಕೊಂಡ್ರೋ ಏನೋ" ಎಂದು ಹಳೆಯದು ಹೊಸದು ಎಲ್ಲಾ ತೆಗೆದು, ಮನಸ್ಸು ಹಗುರಾಗುವಷ್ಟು ಬೈದಳು. ಬೈಯುತ್ತಾ ಬೈಯುತ್ತಾ ಅವಳ ಮುಖಕ್ಕೆ ಬಣ್ಣ ಮರಳಿತು. ಇಷ್ಟು ವರ್ಷ ಅವನು ಅವಳನ್ನು ನಂಬಿದ್ದನಲ್ಲ, ಹಾಗೆಯೇ ಅವಳು ಅವನನ್ನು ನಂಬಿದಳು.